ಮೇಷ್ಟ್ರ ಹಾಜರಿ, ನನ್ನ ರಿಪೇರಿ

ಲೋಕದಲ್ಲಿ ತಾವಾಗಿಯೇ ಕೆಟ್ಟುಹೋದ ವಸ್ತುಗಳಿಗಿಂತ ರಿಪೇರಿಯಾಗಿ ಹಾಳಾದ ವಸ್ತುಗಳೇ ಹೆಚ್ಚು. ಮನುಷ್ಯನ ಕೈಗೆ ವಿನಾಶದ ಆಸೆಗಿಂತ ಉದ್ಧಾರದ ಚಟ ದೊಡ್ಡದು. ಈ ಮಾತನ್ನು ಯಾವ ದಾರ್ಶನಿಕರೂ ಹೇಳಿಲ್ಲ. ಸೊರಬದ ಬಸ್ ನಿಲ್ದಾಣದ ಎದುರಿನ ಮೊಬೈಲ್ ಅಂಗಡಿಯಲ್ಲಿ, ಒಂದು ಕೈಯಲ್ಲಿ ಅರ್ಧ ತಿಂದ ಮಂಡಕ್ಕಿ ಪೊಟ್ಟಣ, ಇನ್ನೊಂದು ಕೈಯಲ್ಲಿ ಅಂಗಡಿಯವನ ಮಣಿಕಟ್ಟು ಹಿಡಿದು ನಿಂತಿದ್ದಾಗ ನನಗೇ ಹೊಳೆದದ್ದು.

ಹೋದ ವರ್ಷದ ಆಯುಧಪೂಜೆ ಅದು. ನೆಂಟರ ಮನೆಗೆಂದು ಸೊರಬಕ್ಕೆ ಹೋದವನು ಚಾರ್ಜರಿನ ವೈರು ಕೊಳ್ಳಲು ಆ ಅಂಗಡಿಗೆ ನುಗ್ಗಿದ್ದೆ. ಒಳಗೆ ಲೋಬಾನದ ಹೊಗೆ, ಒದ್ದೆ ವಿಭೂತಿ, ಬಿಸಿಯಾದ ಯಂತ್ರದ ಧೂಳು, ಮೂರೂ ಸೇರಿದ ವಾಸನೆ. ಅಂಗಡಿಯವನು ಮಾವಿನೆಲೆಯನ್ನು ಚೊಂಬಿನಲ್ಲಿ ಅದ್ದಿ ಕಂಪ್ಯೂಟರಿನ ಕಡೆಗೆ ಕೈ ಎತ್ತಿದ. ನಾನು ಹೋಗಿ ಹಿಡಿದುಬಿಟ್ಟೆ. ಅವನು ಸಿಟ್ಟು ಮಾಡಲಿಲ್ಲ. "ಯಾಕ್ರೀ ಅಜ್ಜಾರೆ, ಮಂತ್ರ ತಪ್ಪಾತೇನು?" ಎಂದು ಮರ್ಯಾದೆಯಿಂದಲೇ ಕೇಳಿದ.  ಉತ್ತರವೇನೋ ಇತ್ತು, ಆದರೆ ಅದು ತೊಂಬತ್ತೆಂಟನೇ ಇಸವಿಯ ಒಂದು ಇಡೀ ಮಳೆಗಾಲದಷ್ಟು ಉದ್ದವಿತ್ತು. ವೈರು ಕೊಳ್ಳುವ ಗಿರಾಕಿ ಅಷ್ಟು ಹೇಳುವಂತಿಲ್ಲ.

ಆಗ ನಾನು ಶಿಕಾರಿಪುರದಲ್ಲಿ ಟೈಪಿಂಗ್ ಇನ್ಸ್ಟಿಟ್ಯೂಟ್ ನಡೆಸುತ್ತಿದ್ದೆ. ಮಂಡಿಗೆ ಹೋಗುವ ರಸ್ತೆಯಲ್ಲಿ, ರಸಗೊಬ್ಬರದ ಅಂಗಡಿಯ ಮಹಡಿ ಮೇಲೆ. ಹನ್ನೊಂದು ಟೈಪ್‌ರೈಟರು, ಒಂದು ಕಂಪ್ಯೂಟರು. ಒಂದೇ ಇದ್ದರೂ ಬೋರ್ಡಿನಲ್ಲಿ 'ಕಂಪ್ಯೂಟರ್ಸ್' ಎಂದೇ ಬರೆಸಿದ್ದೆ, ಭವಿಷ್ಯದ ಮೇಲಿನ ಗೌರವದಿಂದ. ಊರಿನ ಮದುವೆ ಪತ್ರಿಕೆ, ಸಂಘದ ವರದಿ, ಶ್ರದ್ಧಾಂಜಲಿಯ ಕರಪತ್ರ ಎಲ್ಲ ಅದರಲ್ಲೇ. ಆ ಯಂತ್ರವನ್ನು ಆನ್ ಮಾಡುವಾಗ ನಾನು ಚಪ್ಪಲಿ ಬಿಡುತ್ತಿದ್ದೆ. ನನ್ನ ಹೆಂಡತಿ ಗಿರಿಜಾ, ದೇವರ ಮನೆಗೆ ಹೋಗುವಾಗ ಇಷ್ಟು ನೇಮ ಕಂಡಿಲ್ಲ ಎಂದು ಬಂದವರೆದುರೇ ಹೇಳುತ್ತಿದ್ದಳು.

ಕೆರಿಯಪ್ಪ ಮೇಷ್ಟ್ರು ಆ ಮಹಡಿ ಹತ್ತಿ ಬಂದದ್ದು ಜೂನಿನ ಎರಡನೇ ವಾರ. ಕೊಡೆಯನ್ನು ಮೆಟ್ಟಿಲ ಮೇಲೆಯೇ ಒದರಿ, ಮಡಚಿ, ಒಳಗೆ ಬಂದು, ಹನ್ನೊಂದು ಟೈಪ್‌ರೈಟರುಗಳನ್ನೂ ಒಂದೊಂದಾಗಿ ನೋಡಿ, ಕೊನೆಗೆ ನನ್ನನ್ನು ನೋಡಿದರು. ಸೊರಬ ತಾಲ್ಲೂಕಿನ ಹಳ್ಳಿ ಶಾಲೆಗಳಲ್ಲಿ ಮೂವತ್ತಾರು ವರ್ಷ ಪಾಠ ಹೇಳಿ ನಿವೃತ್ತರಾದವರು. ಬಲಗೈ ನಡುಗುತ್ತಿತ್ತು, ಧ್ವನಿ ಬಿರುಕು ಬಿಟ್ಟಿತ್ತು. ಒಂದು ಪುಸ್ತಕ ಮಾಡಿಸಬೇಕು, ಕೈಯಲ್ಲಿ ಬರೆಯಲಾಗುವುದಿಲ್ಲ, ನಾನು ಹೇಳುತ್ತೇನೆ, ನೀವು ಹೊಡೆಯಬೇಕು ಎಂದರು. ಆತ್ಮಕಥೆಯೇ ಎಂದು ಕೇಳಿದೆ. ನಿವೃತ್ತ ಮೇಷ್ಟ್ರುಗಳ ಆತ್ಮಕಥೆಗಳಲ್ಲಿ ನನಗೆ ಆಗಲೇ ಸಾಕಷ್ಟು ಅನುಭವವಿತ್ತು. ಅವರು ತಲೆಯಾಡಿಸಿದರು.

"ನಂದು ಎಂತ ಕಥೆ. ಮಕ್ಕಳದ್ದು. ನಾನು ಕಲಿಸಿದ ಅಷ್ಟೂ ಮಕ್ಕಳದ್ದು, ಒಬ್ಬೊಬ್ಬರಿಗೆ ಎರಡು ಸಾಲು. ವೋಟರ್ ಲಿಸ್ಟು ಬಿಟ್ರೆ ಇವ್ರ ಹೆಸರು ಎಲ್ಲೂ ಅಚ್ಚಾಗಿಲ್ಲ ಶಿವಾನಂದಪ್ನೋರೆ. ಅದ್ರಲ್ಲೂ ಕೆಲವರು ವೋಟಿನ ವಯಸ್ಸಿಗೇ ಮುಟ್ಲಿಲ್ಲ."

ಎಷ್ಟು ಮಕ್ಕಳು ಎಂದೆ. ಸಾವಿರದ ಇನ್ನೂರ ಎಂಬತ್ತಾರು ಎಂದರು, ಜೇಬಿನಲ್ಲಿರುವ ಬಸ್ ಟಿಕೇಟಿನ ನಂಬರು ಹೇಳಿದ ಹಾಗೆ. ಪುಸ್ತಕದ ಹೆಸರು 'ಹಾಜರಿ'.

ಹೀಗೆ ಶುರುವಾಯಿತು. ಸೋಮವಾರ ಮತ್ತು ಗುರುವಾರ, ಸೊರಬದಿಂದ ಶಿರಾಳಕೊಪ್ಪದ ಮೇಲೆ ಬರುವ ಬೆಳಗಿನ ಬಸ್ಸು. ಹತ್ತೂಕಾಲಿಗೆ ಕೊಡೆ ಒದರುವ ಸದ್ದು. ಗಿರಿಜಾ ಕೊಡುವ ಕಾಳುಮೆಣಸು ಹಾಕಿದ ಬಿಸಿನೀರು. ಆಮೇಲೆ ಊಟದ ಹೊತ್ತಿನ ತನಕ ಅವರು ಕಣ್ಣು ಮುಚ್ಚಿ ಶಾಲೆ ಶಾಲೆಯಾಗಿ, ತರಗತಿ ತರಗತಿಯಾಗಿ, ಬೆಂಚಿನ ಎಡಗಡೆಯಿಂದ ಬಲಗಡೆಗೆ ಮಕ್ಕಳನ್ನು ಎಬ್ಬಿಸಿ ನಿಲ್ಲಿಸುತ್ತಿದ್ದರು. ಹೆಸರು, ತಂದೆಯ ಹೆಸರು, ತರಗತಿ, ಆಮೇಲೆ ಒಂದೇ ಒಂದು ಸಂಗತಿ. ಗುತ್ಯಪ್ಪ, ಮೂರನೇ ತರಗತಿ, ಎಡಗೈಯಲ್ಲಿ ಬರೆಯುತ್ತಿದ್ದ, ಹೊಡೆದು ಬಲಗೈಗೆ ಹಾಕಿದೆ, ತಪ್ಪು ನನ್ನದು. ರೇಣುಕಾ, ಎರಡನೇ ತರಗತಿ, ಮಗ್ಗಿ ಹೇಳುವಾಗ ಕಣ್ಣು ಮುಚ್ಚುತ್ತಿದ್ದಳು, ಹದಿಮೂರರ ಮಗ್ಗಿ ಮುಗಿದ ದಿನ ಕಣ್ಣು ತೆರೆದು ನನ್ನನ್ನೇ ಅನುಮಾನದಿಂದ ನೋಡಿದಳು. ಇವು ನನಗೆ ನೆನಪಿವೆ. ಮಿಕ್ಕವು ಇಲ್ಲ. ಅದಕ್ಕೆ ಕಾರಣ ನನ್ನ ಕಸುಬು. ಒಳ್ಳೆಯ ಟೈಪಿಸ್ಟನ ಕೆಲಸ ಕಿವಿಯಿಂದ ನೇರ ಬೆರಳಿಗೆ ಹರಿಯಬೇಕು, ನಡುವೆ ತಲೆ ಅಡ್ಡ ಬರಬಾರದು. ಇಪ್ಪತ್ತು ವರ್ಷ ಹುಡುಗ ಹುಡುಗಿಯರಿಗೆ ಇದನ್ನೇ ಬೋಧಿಸಿದ್ದೆ. ನಾನು ತಾಲ್ಲೂಕಿಗೇ ಒಳ್ಳೆಯ ಟೈಪಿಸ್ಟ್. ಮೇಷ್ಟ್ರು ಹೇಳಿದ್ದೆಲ್ಲ ನನ್ನ ಮೂಲಕ ಹಾದುಹೋಯಿತು, ನನ್ನಲ್ಲಿ ಏನೂ ನಿಲ್ಲಲಿಲ್ಲ.

ಒಂದು ದಿನ ಮಾತ್ರ ಬೆರಳು ನಿಂತವು. ಅವರು ನಿಲ್ಲಿಸಿದ್ದರಿಂದ ನಿಂತವು. ಆಗಸ್ಟ್ ತಿಂಗಳು, ಹೊರಗೆ ಮಳೆ ಎಷ್ಟಿತ್ತೆಂದರೆ ಕೆಳಗಿನ ಗೊಬ್ಬರದಂಗಡಿಯವರು ಚೀಲಗಳನ್ನು ನಮ್ಮ ಮೆಟ್ಟಿಲ ಮೇಲೆ ಜೋಡಿಸಿದ್ದರು. "ಗೌರಿ," ಎಂದರು ಮೇಷ್ಟ್ರು, "ನಾಲ್ಕನೇ ತರಗತಿ." ಆಮೇಲೆ ಬಹಳ ಹೊತ್ತು ಸುಮ್ಮನಾದರು. ಪರದೆಯ ಮೇಲೆ ಗೆರೆ ಮಿಣುಕುತ್ತಿತ್ತು. ಮುಂದೆ ಹೇಳಿದ್ದು ಇಷ್ಟು: ಹೊಸದಾಗಿ ಕೆಲಸಕ್ಕೆ ಸೇರಿದ ಕಾಲ. ಹತ್ತು ಗಂಟೆಗೆ ಸರಿಯಾಗಿ ಹಾಜರಿ ಕೂಗಿ ಪುಸ್ತಕ ಮುಚ್ಚುವ ಶಿಸ್ತು. ಅವತ್ತು ಗೌರಿ ಬರಲಿಲ್ಲ, ಗೈರು ಎಂದು ಬರೆದರು. ಅವಳು ಶಾಲೆಗೇ ಹೊರಟಿದ್ದಳು, ಹಳ್ಳ ದಾಟುವಾಗ ಹೋದಳು.

"ಅವತ್ತಿಂದ ಮಳೆಗಾಲದಲ್ಲಿ ಊಟದ ಗಂಟೆ ತನಕ ನಾನು ಗೈರು ಹಾಕ್ತಿರ್ಲಿಲ್ಲ. ಒಟ್ಟು ಬರೀತಿದ್ದೆ, ಹಾಜರು ಬರೀತಿದ್ದೆ, ಗೈರಿನ ಕಾಲಂ ಖಾಲಿ. ಇನ್ಸ್‌ಪೆಕ್ಟರು ಬಂದು ಬೈದ್ರು. ಹಳ್ಳ ಇಳೀಲಿ ಸಾರ್, ಬರ್ತಾವೆ ಅಂದೆ." ಆಮೇಲೆ, "ಇದ್ನೂ ಹೊಡೀರಿ," ಎಂದರು. ಹೊಡೆದೆ.

ಪ್ರಿಂಟ್ ತೆಗೆದು ತಿದ್ದೋಣವೇ ಎಂದು ನಾನು ಎರಡು ಮೂರು ಸಲ ಕೇಳಿದ್ದುಂಟು. ಅವರು ಒಪ್ಪಲಿಲ್ಲ. ಒಬ್ಬನ ಹೆಸರು ಮೊದಲು ಕಾಗದಕ್ಕೆ ಬಂದು ಇನ್ನೊಬ್ಬನದು ಕಾಯುತ್ತ ಕೂರುವುದು ಬೇಡ, ಪ್ರಾರ್ಥನೆಗೆ ನಿಂತ ಹಾಗೆ ಎಲ್ಲರೂ ಒಟ್ಟಿಗೆ ಬರಲಿ ಎಂದರು. ನನಗೂ ಅದರಲ್ಲಿ ಅಪಾಯ ಕಾಣಲಿಲ್ಲ. ಕಂಪ್ಯೂಟರಿನಲ್ಲಿ ಒಂದು ಪ್ರತಿ. ಅದರ ನಕಲು ಮೂರು ಫ್ಲಾಪಿಗಳಲ್ಲಿ, ಒಂದು ಹೋದರೆ ಇನ್ನೊಂದು, ಅದೂ ಹೋದರೆ ಮತ್ತೊಂದು. ರಾಜಮನೆತನಗಳಲ್ಲೂ ಇಷ್ಟು ಮುಂದಾಲೋಚನೆ ಇರಲಿಕ್ಕಿಲ್ಲ.

ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಮಕ್ಕಳೆಲ್ಲ ಮುಗಿದರು. ಮುನ್ನುಡಿ ಬಾಕಿ. ಆ ಹೊತ್ತಿಗೆ ಮೇಷ್ಟ್ರ ಧ್ವನಿ ಪಿಸುಮಾತಿಗಿಂತ ಒಂದು ಮೆಟ್ಟಿಲು ಮೇಲಿತ್ತು. ಗಂಟಲಲ್ಲಿ ಗಂಟು, ದೊಡ್ಡಾಸ್ಪತ್ರೆಯಲ್ಲಿ ನೋಡಿ, ದೀಪಾವಳಿಗೆ ಮುಂಚೆ ಧ್ವನಿಪೆಟ್ಟಿಗೆ ತೆಗೆಯಬೇಕು ಎಂದಿದ್ದರು. ಜೀವ ಉಳಿಯಬಹುದು, ಮಾತು ಉಳಿಯುವುದಿಲ್ಲ. ಇದನ್ನು ಅವರು ನನಗೆ ಹೇಳಿದ್ದು ವರ್ಗಾವಣೆಯ ಸುದ್ದಿ ಹೇಳುವ ದನಿಯಲ್ಲಿ. "ಅಷ್ಟೊತ್ತಿಗೆ ಎಲ್ಲಾ ಹೇಳಿ ಆಗಿರ್ತದೆ, ಅಡ್ಡಿಲ್ಲ," ಎಂದರು.

ಆಮೇಲೆ ಆಯುಧಪೂಜೆ ಬಂತು.

ನಮ್ಮ ಇನ್ಸ್ಟಿಟ್ಯೂಟಿನ ಆಯುಧಪೂಜೆ ಊರಿನಲ್ಲಿ ಹೆಸರಾಗಿತ್ತು. ಟೈಪ್‌ರೈಟರುಗಳನ್ನು ಸೀಮೆಎಣ್ಣೆಯಲ್ಲಿ ಉಜ್ಜಿ, ಎಣ್ಣೆ ಬಿಟ್ಟು, ಸಾಲಾಗಿ ಕೂರಿಸಿ, ಒಂದೊಂದಕ್ಕೂ ಮೂರು ಬೆರಳಲ್ಲಿ ಒದ್ದೆ ವಿಭೂತಿ ಎಳೆದು, ಚೆಂಡುಹೂವು ಸಿಕ್ಕಿಸಿ, ಮಾವಿನೆಲೆಯಲ್ಲಿ ನೀರು ಚಿಮುಕಿಸುವುದು. ಹನ್ನೊಂದು ಟೈಪ್‌ರೈಟರುಗಳು ಇಪ್ಪತ್ತು ವರ್ಷ ಈ ಭಕ್ತಿಯನ್ನು ಕಮಕ್ ಕಿಮಕ್ ಎನ್ನದೆ ತಡೆದುಕೊಂಡಿದ್ದವು. ಆ ವರ್ಷ ಕಂಪ್ಯೂಟರಿಗೆ ವಿಶೇಷ ಪೂಜೆ, ಏಕೆಂದರೆ ಅದರೊಳಗೆ ಮೇಷ್ಟ್ರ ಮಕ್ಕಳಿದ್ದರು. ಡಬ್ಬಿಯ ಮುಚ್ಚಳ ತೆಗೆದು, ಒಳಗಿನ ಧೂಳು ಒರೆಸಿ, ಹೊರಗಷ್ಟೇ ಪೂಜಿಸಿದರೆ ಏನು ಬಂತು ಎಂದು ಒಳಗೂ ವಿಭೂತಿ ನೀರಿನ ನಾಲ್ಕು ಹನಿ ಚಿಮುಕಿಸಿದೆ. ಮೂರು ಫ್ಲಾಪಿಗಳನ್ನೂ ತಟ್ಟೆಯಲ್ಲಿಟ್ಟು, ಪ್ರತಿಯೊಂದಕ್ಕೂ ಅಗಲವಾಗಿ ಮೂರು ಪಟ್ಟೆ ಎಳೆದೆ. ಫ್ಲಾಪಿಯ ತುದಿಯಲ್ಲಿ ಸರಿದಾಡುವ ತಗಡಿನ ಬಾಗಿಲಿನ ಮೇಲೆಯೇ ಎಳೆದೆ, ಅಲ್ಲಿ ಚೆನ್ನಾಗಿ ಕಾಣುತ್ತಿತ್ತು. ಆಮೇಲೆ ಅವನ್ನು ಜೋಪಾನವಾಗಿ ದೇವರ ಮನೆಯಲ್ಲಿಟ್ಟೆ.

ವಿಜಯದಶಮಿಯ ಬೆಳಿಗ್ಗೆ ತೆಂಗಿನಕಾಯಿ ಒಡೆದು ಗುಂಡಿ ಒತ್ತಿದೆ. ಒಂದು ಸಣ್ಣ ಚಟ್ ಸದ್ದು, ಊದಿನಕಡ್ಡಿಯದಲ್ಲದ ಹೊಗೆಯ ಎಳೆ, ಆಮೇಲೆ ಮೌನ.

ಶಿರಾಳಕೊಪ್ಪದ ಇಸ್ಮಾಯಿಲ್ ಬಂದ. ರೇಡಿಯೋ, ಟೀವಿ ರಿಪೇರಿಯಿಂದ ಕಂಪ್ಯೂಟರಿಗೆ ಬಂದವನು; ನನಗಿಂತ ಹತ್ತು ವರ್ಷ ಚಿಕ್ಕವನು, ತಿಳಿವಳಿಕೆಯಲ್ಲಿ ಇಪ್ಪತ್ತು ವರ್ಷ ದೊಡ್ಡವನು. ಒಳಗಿನ ಮದರ್‌ಬೋರ್ಡ್ ಸುಟ್ಟಿದೆ ಎಂದ. ಅದರ ಮೇಲಿನ ಬಿಳಿ ಕಲೆ ನೋಡಿದ, ನನ್ನ ಹಣೆ ನೋಡಿದ. ಅಂಥ ಬೋರ್ಡು ಈಗ ಬರುವುದಿಲ್ಲವೆಂದು ಶನಿವಾರ ಶಿವಮೊಗ್ಗದಿಂದ ಬೇರೆ ಮಾದರಿಯ ಹೊಸ ಬೋರ್ಡು ತಂದು ಕೂರಿಸಿದ. ಪರದೆಗೆ ಬೆಳಕು ಬಂತು. ಆದರೆ ಆಪರೇಟಿಂಗ್ ಸಿಸ್ಟಂ ಏಳುವ ಹೊತ್ತಿಗೆ ಯಂತ್ರ ನಿಂತುಬಿಟ್ಟಿತು. ಮತ್ತೆ ಮಾಡಿದ, ಮತ್ತೆ ನಿಂತಿತು.

ಮಕ್ಕಳೆಲ್ಲ ಇದ್ದದ್ದು ಹಾರ್ಡ್ ಡಿಸ್ಕಿನಲ್ಲಿ. ಅದಕ್ಕೇನಾದರೂ ಆಯಿತೇ ಎಂದು ಕೇಳಿದೆ. ಇಸ್ಮಾಯಿಲ್ ನನಗೆ ಅರ್ಥವಾಗುವ ಭಾಷೆಯಲ್ಲಿ ಹೇಳಿದ. "ಜಮೀನು ಅದೇ ಐತೆ ಸಾರ್, ಅಳೆಯೋ ಸರಪಳಿ ಬೇರೆ ಆಗೈತೆ. ಹಳೇ ಬೋರ್ಡು ಒಂದು ಲೆಕ್ಕದಾಗೆ ಅಳೆದು ಕಲ್ಲು ನೆಟ್ಟಿತ್ತು. ಹೊಸದಕ್ಕೆ ಆ ಕಲ್ಲು ಎಲ್ಲೈತೆ ತಿಳೀವಲ್ದು. ಗುರುವಾರ ನಾನು ಹಳೇ ಥರದ್ದೊಂದು ಮಶೀನ್ ತರ್ತೀನಿ, ಡಿಸ್ಕ್ ಅದಕ್ಕೆ ಹಾಕಿ ನಿಮ್ಮ ಫೈಲ್ ಮೊದ್ಲು ಹೊರಗೆ ತಕ್ಕಂಬಿಡಾಣ. ಅಲ್ಲೀ ತಂಕ ಇದನ್ನ ಮುಟ್ಬ್ಯಾಡ್ರಿ."

ಮುಟ್ಟುವುದಿಲ್ಲ ಎಂದೆ. ಮರುದಿನ ಭಾನುವಾರ ಬೆಳಿಗ್ಗೆ ಅವಲಕ್ಕಿ ತಿಂದು ಮುಟ್ಟಿದೆ.

ಕಾರಣ ಹೇಳಬೇಕಾದರೆ, ನನ್ನ ಹತ್ತಿರ ಪುಸ್ತಕವಿತ್ತು. ಯಂತ್ರದ ಜೊತೆ ಬಂದ ದಪ್ಪ ಕೈಪಿಡಿ. ಅದನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದವನು ಎರಡು ತಾಲ್ಲೂಕಿನಲ್ಲಿ ನಾನೊಬ್ಬನೇ. ಸೋಮವಾರ ಮೇಷ್ಟ್ರು ಬಂದಾಗ ಯಂತ್ರ ಬಾಯಿ ಬಿಟ್ಟುಕೊಂಡು ಕೂತಿರುವುದು ನನ್ನ ಘನತೆಗೆ ಕುಂದು ಎನ್ನಿಸಿತು. ಕೈಪಿಡಿಯಲ್ಲಿ ಡಿಸ್ಕ್ ಸರಿಪಡಿಸುವ ಪ್ರೋಗ್ರಾಮಿನ ಅಧ್ಯಾಯವಿತ್ತು. ಯಂತ್ರವನ್ನು ಬೇರೊಂದು ಫ್ಲಾಪಿಯಿಂದ ಎಬ್ಬಿಸಿ ಅದನ್ನು ಓಡಿಸಿದೆ. ಅದು ಬಹಳ ವಿನಯದ ಪ್ರೋಗ್ರಾಮು. ಎರಡು ನಿಮಿಷಕ್ಕೊಮ್ಮೆ ನಿಂತು, ಇಲ್ಲಿ ತಪ್ಪಿದೆ, ಸರಿಪಡಿಸಲೇ ಎಂದು ಕೇಳುತ್ತಿತ್ತು. ಹೌದು ಎಂದು ಒತ್ತುತ್ತಿದ್ದೆ. ಇನ್ನೊಂದು ತಪ್ಪು. ಹೌದು. ಮತ್ತೊಂದು. ಹೌದು. ಮಧ್ಯಾಹ್ನ ಮೂರರವರೆಗೆ ನಾನು ಹೌದು ಎಂದೆ. ಇಷ್ಟೊಂದು ತಪ್ಪುಗಳಿದ್ದವಲ್ಲ, ಸದ್ಯ ನಾನಿದ್ದೆ ಎಂದು ಹೆಮ್ಮೆಯೂ ಆಯಿತು.

ತಪ್ಪು ಒಂದೂ ಇರಲಿಲ್ಲ. ಹೊಸ ಸರಪಳಿ ಹಿಡಿದ ಸರ್ವೆಯವನು ಸರಿಯಾಗಿದ್ದ ಹೊಲಕ್ಕೆ ಬಂದು, ಈ ಕಲ್ಲು ತಪ್ಪಾಗಿದೆ, ಕೀಳಲೇ ಎಂದು ಯಜಮಾನನನ್ನೇ ಕೇಳಿಕೊಂಡು ಒಂದೊಂದೇ ಕಿತ್ತು ಎಸೆದ ಹಾಗೆ, ನನ್ನ ಅಪ್ಪಣೆಯ ಮೇಲೆ ಆ ಪ್ರೋಗ್ರಾಮು ಸಾವಿರದ ಇನ್ನೂರ ಎಂಬತ್ತಾರು ಮಕ್ಕಳ ಮೇರೆಗಳನ್ನೆಲ್ಲ ಅಳಿಸಿತ್ತು. ಇದು ನನಗೆ ತಿಳಿದದ್ದು ಗುರುವಾರ. ಭಾನುವಾರ ನಾನು ಅಷ್ಟಕ್ಕೇ ನಿಲ್ಲಲಿಲ್ಲ. ಸಿಸ್ಟಂ ಆಗಲೂ ಏಳದಿದ್ದಾಗ ಮೂಲ ಸೀಡಿ ಹಾಕಿ ಅದರ ಮೇಲೆಯೇ ಮತ್ತೊಮ್ಮೆ ಸಿಸ್ಟಂ ಹಾಕಲು ಹೊರಟೆ. ಅರ್ಧಕ್ಕಿಂತ ಮುಂದೆ ಹೋಗಿ ಅದೂ ನಿಂತಿತು. ಕೊನೆಗೆ ಕಪ್ಪು ಪರದೆಯ ಮೇಲೆ, ಆಪರೇಟಿಂಗ್ ಸಿಸ್ಟಂ ಸಿಗಲಿಲ್ಲ ಎಂಬ ಒಂದು ಸಾಲು. ಅದರಲ್ಲಿ ಸಿಟ್ಟಿರಲಿಲ್ಲ, ಯಾರ ಮೇಲೂ ದೂರು ಇರಲಿಲ್ಲ. ಸಿಗಲಿಲ್ಲ, ಅಷ್ಟೇ.

ಸೋಮವಾರ ಮೇಷ್ಟ್ರು ಮುನ್ನುಡಿ ಹೇಳಲು ಬಂದರು. ಯಂತ್ರ ಸರ್ವಿಸಿಗೆ ಬಂದಿದೆ, ಫೈಲು ಫ್ಲಾಪಿಯಲ್ಲಿ ಭದ್ರವಾಗಿದೆ, ಮುನ್ನುಡಿಯನ್ನು ಕೈಯಲ್ಲೇ ಬರೆದುಕೊಳ್ಳುತ್ತೇನೆ ಎಂದೆ. ಅವತ್ತು ಹಾಗೆಂದು ನಾನು ನಿಜವಾಗಿಯೂ ನಂಬಿದ್ದೆ. ಮುನ್ನುಡಿ ನಾಲ್ಕೇ ಸಾಲು. ಈ ಪುಸ್ತಕದಲ್ಲಿ ಯಾರ ಹೆಸರಾದರೂ ಬಿಟ್ಟುಹೋಗಿದ್ದರೆ ಅವರು ಎದ್ದು ನಿಂತು ಹೇಳಬೇಕು, ಮೇಷ್ಟ್ರಿಗೆ ಬೇಜಾರಿಲ್ಲ ಎಂದಿತ್ತು.

ಅವರನ್ನು ಬಸ್ಸು ಹತ್ತಿಸಿ ಬಂದು ದೇವರ ಮನೆಯಿಂದ ಫ್ಲಾಪಿ ತಂದೆ. ರಸಗೊಬ್ಬರದಂಗಡಿಯವರು ಮಂಡಿಯ ರೇಟು ಬರೆಯಲೆಂದು ಒಂದು ಕಂಪ್ಯೂಟರು ತಂದಿದ್ದರು, ಅದರಲ್ಲಿ ತೂರಿಸಿದೆ. ಒಳಗಿಂದ ಕಲ್ಲಿನ ಮೇಲೆ ತೆಂಗಿನ ಚಿಪ್ಪು ತಿಕ್ಕಿದ ಸದ್ದು. ಓದಲಾಗುತ್ತಿಲ್ಲ; ಬಿಟ್ಟುಬಿಡಲೇ, ಇನ್ನೊಮ್ಮೆ ನೋಡಲೇ, ಸೋಲೊಪ್ಪಲೇ ಎಂದು ಇಂಗ್ಲಿಷಿನಲ್ಲಿ ಕೇಳಿತು. ಇನ್ನೊಮ್ಮೆ ಎಂದೆ. ಮತ್ತೆ ಕೇಳಿತು. ಎರಡನೆಯದು ಹಾಕಿದೆ, ಮೂರನೆಯದು ಹಾಕಿದೆ. ತಗಡಿನ ಬಾಗಿಲು ಸರಿಸಿ ನೋಡಿದರೆ ಒಳಗಿನ ಕಪ್ಪು ಹಾಳೆಯ ಮೇಲೆ ಒಣಗಿದ ವಿಭೂತಿ, ಉಂಗುರ ಉಂಗುರವಾಗಿ ಗೀಚಿತ್ತು. ಮೂರಕ್ಕೂ ಸಮನಾಗಿ ಎಳೆದಿದ್ದೆ. ಪೂಜೆಯಲ್ಲಿ ಭೇದ ಮಾಡುವವನಲ್ಲ ನಾನು.

ಗುರುವಾರ ಇಸ್ಮಾಯಿಲ್ ಹೇಳಿದಂತೆ ಹಳೆಯ ಯಂತ್ರ ಹೊತ್ತುಕೊಂಡು ಬೆಳಗಿನ ಮೊದಲ ಬಸ್ಸಿಗೆ ಬಂದ. ಡಿಸ್ಕನ್ನು ಅದಕ್ಕೆ ಜೋಡಿಸಿ ಐದು ನಿಮಿಷ ನೋಡಿ, ಕೈ ಒರೆಸಿಕೊಂಡು, "ಮುಟ್ಟಿದ್ರಾ ಸಾರ್?" ಎಂದ. ಅದೊಂದೇ ಮಾತು. ಹೌದು ಎಂದೆ; ಆ ವಾರ ನನಗೆ ಆ ಶಬ್ದ ರೂಢಿಯಾಗಿಬಿಟ್ಟಿತ್ತು. ಶಿವಮೊಗ್ಗದಲ್ಲಿ ತಿಳಿದವರೊಬ್ಬರಿದ್ದಾರೆ, ತೋರಿಸುತ್ತೇನೆ, ಆದರೆ ಆಸೆ ಇಟ್ಟುಕೊಳ್ಳಬೇಡಿ ಎಂದು ಡಿಸ್ಕನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಹೊರಟ.

ಗಿರಿಜಾ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. "ಮೇಷ್ಟ್ರು ಈಗ ಬರ್ತಾರೆ. ಹೇಳಿಬಿಡ್ರಿ," ಎಂದಳು. "ಇನ್ನೂ ಎರಡು ದಿನ ಮಾತಾಡ್ತಾರೆ ಅವ್ರು. ಇಲ್ಲೇ ಇಟ್ಕೊಳಾಣ. ನೀವೊಂದು ಕಡೆ ಬರ್ಕೊಳ್ರಿ, ನಾನೊಂದು ಕಡೆ ಬರ್ಕೊಂತೀನಿ. ಬಂದಷ್ಟು ಬರ್ಲಿ."

ಅವಳು ಹೇಳಿದ್ದು ಸರಿ ಎಂದು ಆ ಕ್ಷಣದಲ್ಲೇ ಗೊತ್ತಿತ್ತು. ಇದನ್ನು ಇಲ್ಲಿ ಬರೆಯುವುದಕ್ಕೇ ಇಷ್ಟೆಲ್ಲ ಬರೆದಿದ್ದು.

ಹತ್ತೂಕಾಲಿಗೆ ಕೊಡೆ ಒದರುವ ಸದ್ದಾಯಿತು. ಮಳೆ ನಿಂತು ವಾರವಾಗಿತ್ತು, ಅಭ್ಯಾಸಬಲ. ಮೇಷ್ಟ್ರು ಕೂತರು, ಬಿಸಿನೀರು ಕುಡಿದರು. ಶನಿವಾರ ಹೊರಡುವುದು, ಸೋಮವಾರ ಆಪರೇಷನ್ನು. ಯಂತ್ರವನ್ನು ನಾನು ಒಳಗೆ ಸರಿಸಿಟ್ಟಿದ್ದೆ; ಅವರು ಖಾಲಿ ಮೇಜನ್ನು ನೋಡಿದರು. ಕಂಪ್ಯೂಟರ್ ಇದ್ದ ಜಾಗದಲ್ಲಿ ಧೂಳಿನ ಚೌಕ ಉಳಿದಿತ್ತು.

"ಶಿವಾನಂದಪ್ನೋರೆ, ಒಂದು ಕೇಳ್ತೀನಿ, ಸಂಕೋಚ ಮಾಡ್ಬೇಡಿ. ಎಲ್ಲಾ ಅದ್ರಲ್ಲಿ ಉಳಿದದೆ ಅಲ್ವ? ಏನಾದ್ರೂ ಹೋಗಿದ್ರೆ ಈಗ್ಲೇ ಹೇಳಿ. ಶನಿವಾರದ ತನಕ ಗಂಟ್ಲು ನಂದೇ. ಮತ್ತೊಂದ್ಸಲ ಹೇಳ್ತೀನಿ. ಎಲ್ಲಾ ಆಗ್ಲಿಕ್ಕಿಲ್ಲ, ಹೆಣ್ಮಕ್ಕಳದಾದ್ರೂ ಆಗ್ತದೆ."

ಬಾಗಿಲಲ್ಲಿ ಗಿರಿಜಾ ನನ್ನನ್ನೇ ನೋಡುತ್ತಿದ್ದಳು. ಶಿವಮೊಗ್ಗದವರು ತೆಗೆದುಕೊಟ್ಟರೂ ಕೊಟ್ಟಾರು ಎಂದುಕೊಂಡೆ. ಡಾಕ್ಟರು ಗಂಟಲಿಗೆ ವಿಶ್ರಾಂತಿ ಹೇಳಿದ್ದಾರೆ ಎಂದುಕೊಂಡೆ. ಕೈಪಿಡಿ ಓದಿದವನು ನಾನೊಬ್ಬನೇ ಎಂದು ಅವರ ಹತ್ತಿರ ಮೂರು ಸಲ ಹೇಳಿಕೊಂಡಿದ್ದೆ, ಅದೂ ನೆನಪಾಯಿತು.

"ಎಲ್ಲಾ ಇದೆ ಮೇಷ್ಟ್ರೇ," ಎಂದೆ.

ಅವರು ತಲೆಯಾಡಿಸಿದರು. ಹಾಗಿದ್ದರೆ ಇವತ್ತು ಕೆಲಸವಿಲ್ಲ ಎಂದು ಸುಮ್ಮನೆ ಕೂತು ಬೇರೆ ಮಾತಾಡಿದರು. ಉಳಿದ ಧ್ವನಿಯಲ್ಲಿ ಒಂದು ಗಂಟೆ ಕಾಲ ಸೊರಬ ಮಾರ್ಗದ ಬಸ್ಸುಗಳ ವೇಳೆಯ ಬಗ್ಗೆ, ಗಿರಿಜಾಳ ಮೆಣಸಿನ ನೀರಿನ ಬಗ್ಗೆ, ಈ ಸಲ ಗದ್ದೆಗೆ ಬಿದ್ದ ಹುಳದ ಬಗ್ಗೆ ಮಾತಾಡಿದರು. ನಾನು ಹೂಂಗುಟ್ಟಿದೆ. ಹೊರಡುವಾಗ ಟೈಪ್‌ರೈಟರುಗಳ ಸಾಲಿನ ಮುಂದೆ ನಿಂತು, ತರಗತಿಗೆ ಹೇಳುವ ಹಾಗೆ, ಬರ್ತೀನ್ರಪ್ಪ ಎಂದರು. ನಾನು ಕೇಳಿದ ಅವರ ಕೊನೆಯ ಮಾತು ಅದು. ಗಿರಿಜಾ ನಾಲ್ಕು ದಿನ ನನ್ನ ಹತ್ತಿರ ಮಾತಾಡಲಿಲ್ಲ.

ಶಿವಮೊಗ್ಗದವರಿಂದ ಆಗಲಿಲ್ಲ. ಇಸ್ಮಾಯಿಲ್ ಡಿಸ್ಕನ್ನು ವಾಪಸು ತಂದು, ಅಕ್ಷರದ ಚೂರುಗಳು ಅಲ್ಲಲ್ಲಿ ಇವೆ, ತಾಳ್ಮೆಯಿದ್ದರೆ ಆರಿಸಿಕೊಳ್ಳಿ ಎಂದು ತನ್ನ ಯಂತ್ರವನ್ನೇ ಬಿಟ್ಟುಹೋದ. ಭಾನುವಾರ ನಾನು ಓಡಿಸಿದ ಪ್ರೋಗ್ರಾಮು ತನಗೆ ಅರ್ಥವಾಗದ ತುಣುಕುಗಳಿಗೆಲ್ಲ ನಂಬರು ಹಾಕಿ ನೂರಾರು ಫೈಲುಗಳಲ್ಲಿ ತುಂಬಿಟ್ಟಿತ್ತು. ತೆರೆದರೆ ಕನ್ನಡವಲ್ಲ. ಆ ಕಾಲದ ಕನ್ನಡ ಅಕ್ಷರಗಳು ಒಳಗೆ ಇಂಗ್ಲಿಷ್ ವೇಷದಲ್ಲಿರುತ್ತಿದ್ದವು. ಕೊಂಬು, ಟೋಪಿ, ಚುಕ್ಕೆ ಹೊತ್ತ ಅಕ್ಷರಗಳ ಜಾತ್ರೆ. ನನಗೊಂದು ಉಪಾಯ ಹೊಳೆಯಿತು. ಪ್ರತಿ ಮಗುವಿನ ಸಾಲಿನಲ್ಲೂ 'ತರಗತಿ' ಎಂಬ ಪದ ಇದ್ದೇ ಇದೆ. ಆ ಪದ ಇಂಗ್ಲಿಷ್ ವೇಷದಲ್ಲಿ ಹೇಗೆ ಕಾಣುತ್ತದೆಂದು ಚೀಟಿಯಲ್ಲಿ ಬರೆದು ಪರದೆಗೆ ಅಂಟಿಸಿ, ಐದು ವಾರ, ಹಗಲೆಲ್ಲ ಅದೊಂದೇ ಪದವನ್ನು ಹುಡುಕಿದೆ. ಸಿಕ್ಕಲ್ಲಿ ಹಿಂದೆ ಮುಂದೆ ಓದಿ ಒಂದೊಂದು ಅಕ್ಷರವಾಗಿ ಕನ್ನಡಕ್ಕೆ ತಂದೆ. ಕೆಲವದರಲ್ಲಿ ಹೆಸರಿತ್ತು, ಸಂಗತಿ ಇರಲಿಲ್ಲ. ಕೆಲವದರಲ್ಲಿ, 'ಅವನ ಅಂಗಿಗೆ ಗುಂಡಿ ಹೊಲಿದುಕೊಟ್ಟೆ' ಎಂದಿರುತ್ತಿತ್ತು, ಯಾರ ಅಂಗಿ ಎಂದು ತಿಳಿಯುತ್ತಿರಲಿಲ್ಲ. ಗುತ್ಯಪ್ಪ, ರೇಣುಕಾ ಸೇರಿ ಪೂರ್ತಿಯಾಗಿ ಸಿಕ್ಕವರು ನಲವತ್ತು ಮಕ್ಕಳು. ನಲವತ್ತೊಂದನೆಯದು ಗೌರಿ. ಅವಳು ಯಾವ ಚೂರಿನಲ್ಲೂ ಇರಲಿಲ್ಲ. ಮೇಷ್ಟ್ರು ಅವತ್ತು ಸುಮ್ಮನಾಗಿದ್ದರಿಂದ ನನ್ನ ತಲೆಯಲ್ಲಿ ಉಳಿದಿದ್ದಳು. ತಂದೆಯ ಹೆಸರು ಮಾತ್ರ ನೆನಪಾಗಲಿಲ್ಲ, ಆ ಜಾಗ ಬಿಟ್ಟು ಹೊಡೆದೆ.

ಡಿಸೆಂಬರಿನಲ್ಲಿ ಮೇಷ್ಟ್ರು ತಮ್ಮ ಹೆಂಡತಿಯ ಜೊತೆ ಬಂದರು. ಕತ್ತಿಗೆ ತೆಳ್ಳನೆ ಬಿಳಿ ಬಟ್ಟೆ, ಬಗಲಲ್ಲಿ ಮಕ್ಕಳ ಸ್ಲೇಟು, ಬಲಪ. ಸ್ಲೇಟಿನ ಮೇಲೆ ನಡುಗುವ ಕೈಯಲ್ಲಿ ಒಂದು ಪದ ಬರೆಯಲು ಒಂದು ನಿಮಿಷ ಬೇಕಾಗುತ್ತಿತ್ತು. ಪುಸ್ತಕ ಬಂದಿದೆ ಎಂದುಕೊಂಡು ಬಂದಿದ್ದರು. ಹೆಂಡತಿ ಅದಕ್ಕೆಂದು ಹೊಸ ಕೈಚೀಲ ತಂದಿದ್ದರು.

ನಾನು ಹೇಳಿದೆ. ಪೂಜೆ, ನೀರು, ಬೋರ್ಡು, ಭಾನುವಾರ ಒತ್ತಿದ ಹೌದುಗಳು, ಎಲ್ಲವನ್ನೂ ಹೇಳಿದೆ. ಫ್ಲಾಪಿಗಳಿಗೆ ಪಟ್ಟೆ ಎಳೆದದ್ದು ಹೇಳಿದಾಗ ಅವರ ಭುಜಗಳು ಕುಲುಕಾಡಿದವು. ಧ್ವನಿಯಿಲ್ಲದ್ದರಿಂದ ಅದು ನಗುವೋ ಬೇರೆಯೋ ನನಗೆ ಗೊತ್ತಾಗಲಿಲ್ಲ. ಅವರ ಹೆಂಡತಿ ಮಾತ್ರ ಬೇರೆ ಕಡೆ ನೋಡಿದರು. ಗುರುವಾರ ಬೆಳಿಗ್ಗೆಯೇ ನನಗೆ ಗೊತ್ತಿತ್ತು ಎಂಬುದೊಂದನ್ನು ಹೇಳಲಿಲ್ಲ. ಆದರೆ ಮೇಷ್ಟ್ರಿಗೆ ವಾರ, ತಾರೀಖುಗಳ ಲೆಕ್ಕ ಚೆನ್ನಾಗಿ ಬರುತ್ತಿತ್ತು. ಕೂಡಿಸಿ ನೋಡಿರಬೇಕು.

ದೊಡ್ಡ ಅಕ್ಷರದಲ್ಲಿ, ಹಾಳೆಗೆ ನಾಲ್ಕು ಮಕ್ಕಳಂತೆ ಪ್ರಿಂಟ್ ತೆಗೆದ ಹನ್ನೊಂದು ಹಾಳೆಗಳನ್ನು ಅವರ ಮುಂದಿಟ್ಟೆ. ಬೆರಳಿಟ್ಟು ಒಂದೊಂದೇ ಹೆಸರು ಓದಿದರು. ಪ್ರತಿ ಹೆಸರಿಗೂ ತುಟಿ ಅಲುಗುತ್ತಿತ್ತು, ಒಳಗಿಂದ ಏನೂ ಬರುತ್ತಿರಲಿಲ್ಲ. ಗೌರಿಯ ಹತ್ತಿರ ಬೆರಳು ನಿಂತಿತು, ಆಗಸ್ಟಿನಲ್ಲಿ ನಿಂತಷ್ಟೇ ಹೊತ್ತು. ಆಮೇಲೆ ನನ್ನ ಜೇಬಿನ ಪೆನ್ನಿಗೆ ಕೈ ಚಾಚಿದರು. ಗೌರಿಯ ತಂದೆಯ ಹೆಸರಿನ ಜಾಗವನ್ನು ತುಂಬಿದರು. ಕೊನೆಯ ಹಾಳೆ ತಿರುವಿ, ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡು, ದಿನದ ಹಾಜರಿ ಮುಗಿಸುವಾಗ ಬರೆಯುವಂತೆ ಅಡಿಯಲ್ಲಿ ಬರೆದರು. ಒಟ್ಟು 1286. ಹಾಜರು 41. ಗೈರು ಎಂದು ಬರೆದು, ಮುಂದೆ ಏನೂ ಬರೆಯದೆ ಪೆನ್ನಿಗೆ ಮುಚ್ಚಳ ಹಾಕಿ ವಾಪಸು ಕೊಟ್ಟರು.

ಹಾಳೆಗಳನ್ನು ಅವರ ಹೆಂಡತಿ ಹೊಸ ಕೈಚೀಲದಲ್ಲಿಟ್ಟುಕೊಂಡರು. ಅವರನ್ನು ಮಧ್ಯಾಹ್ನದ ಸೊರಬದ ಬಸ್ಸಿಗೆ ಹತ್ತಿಸಿ ಬಂದೆ.

ಮೇಷ್ಟ್ರು ಮರುವರ್ಷ ಯುಗಾದಿ ಕಳೆದ ಮೇಲೆ ತೀರಿಕೊಂಡರು. ಡಿಸ್ಕನ್ನು ಪೂರ್ತಿ ಅಳಿಸಿ, ಹೊಸದಾಗಿ ಸಿಸ್ಟಂ ಹಾಕಿದ ಮೇಲೆ ಅದು ಐದು ವರ್ಷ ಕೆಲಸ ಮಾಡಿತು. ಪುಸ್ತಕ ಅಚ್ಚಾಗಲಿಲ್ಲ.